ಬೀಜಕ್ಕೆ ಬಿಡದ ಕೈತೋಟ

ಬೆಂಗಳೂರಿನ ಮಹಡಿಗಳ ಮೇಲೆ ಈಚಿನ ವರ್ಷಗಳಲ್ಲಿ ಹೊಸದೊಂದು ಋತುಚಕ್ರ ಆರಂಭವಾಗಿದೆ. ಉತ್ತರೆ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುಭಾಗದಲ್ಲಿ, ಬಣ್ಣಬಣ್ಣದ ಬೀಜದ ಪೊಟ್ಟಣಗಳು ಮನೆಗಳಿಗೆ ಬರತೊಡಗುತ್ತವೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಬೇವಿನ ಹಿಂಡಿ, ಗಿಡ ಬೆಳೆಸುವ ಚೀಲಗಳು ಹಿಂದೆಯೇ ಬರುತ್ತವೆ. ನಿವೃತ್ತ ಅಧಿಕಾರಿಗಳು, ಸಾಫ್ಟ್‌ವೇರ್ ಉದ್ಯೋಗಿಗಳು, ಗೃಹಿಣಿಯರು ಬೆಳಗಿನ ಕಾಫಿ ಲೋಟ ಹಿಡಿದು ಮಹಡಿ ಹತ್ತಿ ಮೊಳಕೆ ಎಣಿಸುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಸೊಪ್ಪುಗಳ ಜೊತೆಗೆ ಈಗ ಬ್ರೊಕೊಲಿಗೂ ಅಲ್ಲಿ ಸ್ಥಾನ ಸಿಕ್ಕಿದೆ. ಅದರ ಪೊಟ್ಟಣದ ಮೇಲೆ ಅನೇಕ ವೇಳೆ ‘ಏರ್‌ಲೂಮ್’ ಎಂಬ ಪದವೂ ಅಚ್ಚಾಗಿರುತ್ತದೆ.

ಹಿರಿಯರಿಂದ ಕಿರಿಯರಿಗೆ ಇಳಿದು ಬಂದ ಮನೆಯ ಆಸ್ತಿ ಎಂಬುದು ಆ ಇಂಗ್ಲಿಷ್ ಪದದ ಮೂಲಾರ್ಥ. ಅಜ್ಜಿಯ ಅವಲಕ್ಕಿ ಸರ, ತಾತನ ಗೋಡೆ ಗಡಿಯಾರ ಇದ್ದ ಹಾಗೆ. ತರಕಾರಿಯ ಮಟ್ಟಿಗೆ ಹೇಳುವುದಾದರೆ, ತಲೆಮಾರುಗಳಿಂದ ಬೀಜ ಹಿಡಿದು ಉಳಿಸಿಕೊಂಡು ಬಂದ ತಳಿ. ನಾವು ಇದನ್ನೇ ‘ನಾಟಿ’ ಎನ್ನುತ್ತೇವೆ; ಉತ್ತರ ಕರ್ನಾಟಕದಲ್ಲಿ ‘ಜವಾರಿ’ ಎನ್ನುತ್ತಾರೆ. ಹಿರಿಯರಿಂದ ಬರಬೇಕಾದುದು ಈಗ ಕೊರಿಯರ್‌ನಲ್ಲಿ ಬರುತ್ತಿದೆ. ಕಾಲಕ್ಕೆ ತಕ್ಕ ಬದಲಾವಣೆ ಎಂದು ಅದನ್ನು ಒಪ್ಪಿಕೊಳ್ಳಬಹುದು. ಆದರೆ ಮುಂದಿನ ಸೆಪ್ಟೆಂಬರ್‌ನಲ್ಲಿ ಅದೇ ಮನೆಗೆ ಅದೇ ಪೊಟ್ಟಣ ಮತ್ತೆ ಬರುತ್ತದಲ್ಲ, ಅದನ್ನು ಒಪ್ಪಿಕೊಳ್ಳುವುದು ಹೇಗೆ? ಕೊಂಡು, ಬೆಳೆದು, ತಿಂದು ಮುಗಿಸಿದರೆ ಪರಂಪರೆ ನಮ್ಮ ಮನೆಯಲ್ಲಿಯೇ ಕೊನೆಗೊಂಡಂತಾಗಲಿಲ್ಲವೆ?

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿಕೊಳ್ಳಬೇಕಾದುದು ನನ್ನನ್ನೇ. ಮೂರು ವರ್ಷ ನಾನೂ ಹಾಗೆಯೇ ಮಾಡಿದವನು.

ಬ್ರೊಕೊಲಿ ನಮಗೆ ಹೊಸದಾದರೂ ಅದರ ಕುಟುಂಬ ಹೊಸದಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಇವೆಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ. ಯುರೋಪಿನ ಕಡಲ ತೀರಗಳ ಕಾಡು ಕೋಸಿನಿಂದ ಮನುಷ್ಯ ತನಗೆ ಬೇಕಾದ ಅಂಗವನ್ನು ಆರಿಸಿ ಆರಿಸಿ ಹಿಗ್ಗಿಸಿದ. ಎಲೆ ಬೇಕೆಂದವನಿಗೆ ಎಲೆಕೋಸು ಸಿಕ್ಕಿತು, ಕಾಂಡ ಬೇಕೆಂದವನಿಗೆ ನವಿಲುಕೋಸು. ಅರಳದ ಮೊಗ್ಗಿನ ಗೊಂಚಲನ್ನು ಮೆಚ್ಚಿದ ಇಟಲಿಯ ರೈತರಿಗೆ ದಕ್ಕಿದ್ದು ಬ್ರೊಕೊಲಿ. ಚಿಗುರು ಎಂಬರ್ಥದ ಇಟಾಲಿಯನ್ ಪದದಿಂದಲೇ ಅದರ ಹೆಸರು ಬಂದಿದೆ. ದಕ್ಷಿಣ ಇಟಲಿಯ ಕಲಾಬ್ರಿಯಾ ಪ್ರಾಂತ್ಯದ ಹೆಸರನ್ನು ಹೊತ್ತ ‘ಕಲಾಬ್ರೇಸೆ’ ಇಂದಿಗೂ ಹೆಸರಾಂತ ಹಳೆಯ ತಳಿ. ‘ಡಿ ಚಿಕ್ಕೊ’ ಎಂಬುದು ಮತ್ತೊಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹಡಗು ಹತ್ತಿದ ಇಟಲಿಯ ಬಡವರೊಂದಿಗೆ ಈ ಬೀಜಗಳೂ ಹೋದವು. ಹಲವು ದಶಕ ಅದು ವಲಸಿಗರ ಹಿತ್ತಿಲಿನ ತರಕಾರಿಯಾಗಿತ್ತು. ಸಿಸಿಲಿಯಿಂದ ಹೋದ ಡಿ’ಅರಿಗೊ ಸಹೋದರರು 1922ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅದನ್ನು ಬೆಳೆದು, ದೂರದ ಬಾಸ್ಟನ್‌ನಲ್ಲಿದ್ದ ಇಟಾಲಿಯನ್ನರಿಗೆ ಕಳುಹಿಸಿದ ಮೇಲೆಯೇ ಅದು ಅಲ್ಲಿ ದೊಡ್ಡ ಪೇಟೆಯನ್ನು ಕಂಡಿತು.

ಪೇಟೆಯನ್ನು ಕಂಡ ತರಕಾರಿ ಪೇಟೆಗೆ ತಕ್ಕಂತೆ ಬದಲಾಗಲೇಬೇಕು. ಎಕರೆಗಟ್ಟಲೆ ಬೆಳೆಯುವ ರೈತನಿಗೆ ಎಲ್ಲ ಗಿಡಗಳೂ ಒಂದೇ ವಾರದಲ್ಲಿ, ಒಂದೇ ಗಾತ್ರದ, ಗಟ್ಟಿಯಾದ ತಲೆಯನ್ನು ಕೊಡಬೇಕು. ಒಮ್ಮೆ ಕೊಯ್ದು ಲಾರಿ ತುಂಬಿದರೆ ಕೆಲಸ ಮುಗಿಯಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಸಂಕರ ತಳಿಗಳು ಈ ಅಗತ್ಯವನ್ನು ಅಚ್ಚುಕಟ್ಟಾಗಿ ಪೂರೈಸಿದವು. ಅದರಲ್ಲಿ ಯಾರ ಪಿತೂರಿಯನ್ನೂ ಹುಡುಕಬೇಕಾಗಿಲ್ಲ. ಕೊಯ್ಲಿನ ಆಳಿನ ಕೂಲಿ, ಲಾರಿ ಬಾಡಿಗೆ, ಸಾಲದ ಕಂತುಗಳನ್ನು ಲೆಕ್ಕ ಹಾಕುವ ರೈತ ಅವನ್ನು ಆರಿಸಿಕೊಂಡರೆ ಮಹಡಿಯ ಮೇಲೆ ಹತ್ತು ಚೀಲ ಇಟ್ಟುಕೊಂಡ ನಾವು ಅವನಿಗೆ ಉಪದೇಶ ಮಾಡುವುದು ಸಲ್ಲದು.

ಆದರೆ ಮನೆಯ ಅಗತ್ಯ ಬೇರೆ. ಹತ್ತು ಗಿಡಗಳು ಒಂದೇ ವಾರದಲ್ಲಿ ಹತ್ತು ತಲೆ ಕೊಟ್ಟರೆ ನಾಲ್ಕು ಜನರ ಸಂಸಾರ ಅದನ್ನು ಏನು ಮಾಡಬೇಕು? ಅರ್ಧ ಹಂಚಬೇಕು, ಇನ್ನರ್ಧ ಫ್ರಿಜ್‌ನಲ್ಲಿ ಹಳದಿಯಾಗಬೇಕು. ಹಳೆಯ ತಳಿಯ ಸ್ವಭಾವವೇ ಬೇರೆ. ಡಿ ಚಿಕ್ಕೊ ಗಿಡದ ನಡುತಲೆ ಚಿಕ್ಕದು, ಅಂಗೈ ಅಗಲಕ್ಕಿಂತ ಹೆಚ್ಚಿಲ್ಲ. ಪೇಟೆಯಲ್ಲಿ ಅದನ್ನು ಕೇಳುವವರಿಲ್ಲ. ಆದರೆ ಅದನ್ನು ಕೊಯ್ದ ಮೇಲೆ ಎಲೆಯ ಕಂಕುಳುಗಳಿಂದ ಸಣ್ಣ ಸಣ್ಣ ಕವಲುಗಳು ಹೊರಟು ವಾರಗಟ್ಟಲೆ ಮೊಗ್ಗು ಕೊಡುತ್ತಲೇ ಇರುತ್ತವೆ. ಒಂದು ಗಿಡ ಬೇಗ, ಮತ್ತೊಂದು ತಡ. ಇಂದು ಪಲ್ಯಕ್ಕೆ ಒಂದು ಹಿಡಿ, ನಾಲ್ಕು ದಿನ ಬಿಟ್ಟು ಸಾಗುವಿಗೆ ಒಂದು ಹಿಡಿ. ಪೇಟೆ ದೋಷವೆಂದು ಬಿಟ್ಟ ಅಸಮತೆಯೇ ಮನೆಗೆ ಗುಣ. ಆದ್ದರಿಂದ ಕೈತೋಟದವರು ಹಳೆಯ ತಳಿಯನ್ನು ಆರಿಸುವುದು ಕೇವಲ ಶೋಕಿಯಲ್ಲ. ಅದು ಅಡುಗೆಮನೆಯ ವಿವೇಕ.

ನಾನು ಆ ವಿವೇಕವನ್ನು ಅರ್ಧದಷ್ಟೇ ಪಾಲಿಸಿದೆ. ಮೂರು ವರ್ಷ ಪ್ರತಿ ಸಂಕ್ರಾಂತಿಗೂ ಮಹಡಿಯಿಂದ ಬ್ರೊಕೊಲಿ ಇಳಿಸಿದೆ, ನೆಂಟರಿಗೆ ತೋರಿಸಿದೆ, ಛಾಯಾಚಿತ್ರ ತೆಗೆದೆ. ಬೇಸಿಗೆ ಬಂದಾಗ ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಪೊಟ್ಟಣ ತರಿಸಿದೆ. ಮೂರನೆಯ ವರ್ಷ ಪೊಟ್ಟಣದ ಬೆಲೆಯನ್ನು ಅದರೊಳಗಿದ್ದ ಬೀಜದ ತೂಕದೊಂದಿಗೆ ತಾಳೆ ಹಾಕಿದಾಗ ಒಂದು ಹಳೆಯ ನೆನಪು ಎದ್ದು ಬಂತು.

ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯ ಹಿತ್ತಿಲಿನಲ್ಲಿ ಹೀರೆ ಬಳ್ಳಿ ಇತ್ತು. ಬಳ್ಳಿ ಕಾಯಿ ಕಚ್ಚಿದ ಕೂಡಲೇ ಅಜ್ಜಿ ಎಲ್ಲಕ್ಕಿಂತ ಉದ್ದನೆಯ, ದುಂಡಗಿನ, ಹುಳು ಮುಟ್ಟದ ಒಂದು ಕಾಯಿಗೆ ಹಳೆಯ ಸೀರೆಯ ದಾರ ಕಟ್ಟುತ್ತಿದ್ದಳು. ನಾವು ಮಕ್ಕಳು ಕೈ ಹಾಕಿದರೆ, “ಬೀಜಕ್ಕೆ ಬಿಟ್ಟಿರೋದು ಮಗಾ, ಮುಟ್ಬ್ಯಾಡ” ಎಂಬ ಮಾತು ಎಲ್ಲಿದ್ದರೂ ಕೇಳಿಬರುತ್ತಿತ್ತು. ಮನೆಯಲ್ಲಿ ಸಾರಿಗೆ ತರಕಾರಿ ಇಲ್ಲದ ದಿನವೂ ಆ ಕಾಯಿಯನ್ನು ಯಾರೂ ಕೊಯ್ಯುತ್ತಿರಲಿಲ್ಲ. ಅದು ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಲಗಿಲ ಎನ್ನುವಂತಾದ ಮೇಲೆ ಅಡುಗೆಮನೆಯ ಜಂತೆಗೆ ಏರುತ್ತಿತ್ತು. ಸೌತೆ ಬೀಜ ಸಗಣಿಯೊಂದಿಗೆ ಕಲಸಿ ಗೋಡೆಗೆ ತಟ್ಟಲ್ಪಡುತ್ತಿತ್ತು. ಅವರೆ, ಅಲಸಂದೆ ಬೂದಿ ಬೆರೆಸಿ ಮಡಕೆ ಸೇರುತ್ತಿದ್ದವು. ಅಜ್ಜಿಗೆ ‘ಏರ್‌ಲೂಮ್’ ಎಂಬ ಪದ ತಿಳಿದಿರಲಿಲ್ಲ. ಅವಳು ಬೀಜಕ್ಕೆ ಬಿಡುತ್ತಿದ್ದಳು, ನಾನು ಬಿಡುತ್ತಿರಲಿಲ್ಲ. ನಮ್ಮಿಬ್ಬರ ತೋಟಗಳ ನಡುವಿನ ವ್ಯತ್ಯಾಸ ಇಷ್ಟೇ.

ಈ ವ್ಯತ್ಯಾಸ ಚಿಕ್ಕದಲ್ಲ. 2001ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರಕೂಡದು ಎಂಬ ನಿರ್ಬಂಧ ಮಾತ್ರ ಇದೆ. ಜಗತ್ತಿನ ಅನೇಕ ದೇಶಗಳ ರೈತರಿಗೆ ಇಷ್ಟು ವಿಶಾಲವಾದ ಹಕ್ಕಿಲ್ಲ. ಆದರೆ ಸಂಕರ ತಳಿಯ ಮುಂದೆ ಈ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಎರಡು ಭಿನ್ನ ತಂದೆತಾಯಿ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜವನ್ನು ನಾವು ಬಿತ್ತುತ್ತೇವೆ. ಅದರಿಂದ ಬೀಜ ಹಿಡಿದು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚೆದುರಿ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಇಂದಿನ ಬ್ರೊಕೊಲಿಯ ಹಲವು ಸಂಕರ ತಳಿಗಳಲ್ಲಿ ಮತ್ತೂ ಒಂದು ತೊಡಕಿದೆ. ಜಪಾನಿನ ವಿಜ್ಞಾನಿ ಒಗುರಾ 1968ರಲ್ಲಿ ಮೂಲಂಗಿಯಲ್ಲಿ ಪತ್ತೆ ಹಚ್ಚಿದ ಒಂದು ಗುಣವನ್ನು ಆಮೇಲೆ ಕೋಸಿನ ಬೆಳೆಗಳಿಗೆ ತರಲಾಯಿತು. ಆ ಗುಣವುಳ್ಳ ಗಿಡ ಹೂ ಬಿಡುತ್ತದೆ, ಆದರೆ ಹೂವಿನಲ್ಲಿ ಫಲವತ್ತಾದ ಪರಾಗ ಹುಟ್ಟುವುದಿಲ್ಲ. ಬೀಜ ಕಂಪನಿಗೆ ಸಂಕರಣದ ಕೆಲಸ ಇದರಿಂದ ಸುಲಭವಾಗುತ್ತದೆ. ಬೆಳೆದವನ ಕೈಗೆ ಬೀಜ ಸಿಗುವ ಸಾಧ್ಯತೆ ಅಲ್ಲಿಗೆ ಮುಗಿಯುತ್ತದೆ. ಕಾನೂನು ಕೊಟ್ಟದ್ದನ್ನು ಗಿಡದ ಒಳಗುಟ್ಟೇ ಹಿಂದಕ್ಕೆ ಪಡೆಯುತ್ತದೆ.

ಪಾರಂಪರಿಕ ತಳಿಯ ಹೆಗ್ಗಳಿಕೆ ಇಲ್ಲಿದೆ. ಅದು ತನ್ನಂಥದೇ ಮರಿಯನ್ನು ಕೊಡುತ್ತದೆ. ಹೀಗಿರುವಾಗ, ಅದನ್ನು ಕೊಂಡೂ ಬೀಜ ಹಿಡಿಯದಿದ್ದರೆ, ಹಕ್ಕು ಇದ್ದೂ ಸಾಧನ ಇದ್ದೂ ಅಭ್ಯಾಸ ಇಲ್ಲದೆ ಸೋತಂತೆ.

ನಾಲ್ಕನೆಯ ವರ್ಷ ನಾನು ಒಂದು ಗಿಡವನ್ನು ಬೀಜಕ್ಕೆ ಬಿಟ್ಟೆ. ಅಜ್ಜಿಯಂತೆ ಅದಕ್ಕೊಂದು ಕೆಂಪು ದಾರವನ್ನೂ ಕಟ್ಟಿದೆ. ಶಿವರಾತ್ರಿಯ ಹೊತ್ತಿಗೆ ಮೊಗ್ಗುಗಳು ಬಿರಿದು, ನಾಲ್ಕು ಅಡಿ ಎತ್ತರಕ್ಕೆ ಹಳದಿ ಹೂವಿನ ಗೊಂಚಲು ಎದ್ದು ನಿಂತಿತು. ಪಕ್ಕದ ಮನೆಯಾಕೆ ತಮ್ಮ ಮಹಡಿಯಿಂದ ನೋಡಿ, “ಏನ್ ಸಾರ್, ಸಾಸಿವೆ ಹಾಕಿದ್ದೀರಾ?” ಎಂದು ಕೇಳಿದರು. ತುಡುವೆ ಜೇನುಗಳು ಬಂದವು, ಹೋದವು. ಯುಗಾದಿ ಕಳೆದ ಮೇಲೆ ಕೋಡುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಬರಿದು. ಇಡೀ ಗಿಡಕ್ಕೆ ಹತ್ತು ಹನ್ನೆರಡು ಜೊಳ್ಳು ಬೀಜ. ಬಿಸಿಲಿನ ತಪ್ಪೋ, ಮಣ್ಣಿನ ತಪ್ಪೋ ಎಂದು ತಲೆ ಕೆಡಿಸಿಕೊಂಡೆ. ತಪ್ಪು ನನ್ನ ಅಜ್ಞಾನದ್ದಾಗಿತ್ತು.

ಅವರೆ, ಹುರುಳಿ, ಟೊಮೆಟೊಗಳ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಬ್ರೊಕೊಲಿ ಹಾಗಲ್ಲ. ತನ್ನದೇ ಪರಾಗವನ್ನು ಗುರುತಿಸಿ ನಿರಾಕರಿಸುವ ವ್ಯವಸ್ಥೆ ಅದರ ಹೂವಿನಲ್ಲಿದೆ. ಸಗೋತ್ರ ವಿವಾಹ ನಿಷಿದ್ಧ ಎಂದು ನಾವು ಹೇಳುವಂತೆ. ಒಂಟಿ ಗಿಡಕ್ಕೆ ಎಷ್ಟು ಜೇನು ಬಂದರೂ ಫಲವಿಲ್ಲ. ಬೀಜ ಕಟ್ಟಲು ಪಕ್ಕದಲ್ಲಿ ಬೇರೆ ಗಿಡಗಳು ಹೂ ಬಿಟ್ಟಿರಬೇಕು. ಅಷ್ಟೇ ಅಲ್ಲ, ನಾಲ್ಕಾರು ಗಿಡಗಳಿಂದಷ್ಟೇ ವರ್ಷ ವರ್ಷವೂ ಬೀಜ ಹಿಡಿಯುತ್ತ ಹೋದರೆ ರಕ್ತಸಂಬಂಧ ಹತ್ತಿರವಾಗಿ ತಳಿಯ ಕಸುವು ಕುಗ್ಗುತ್ತದೆ. ಇಪ್ಪತ್ತಾದರೂ ಗಿಡಗಳಿಂದ ಬೀಜ ಹಿಡಿಯುವುದು ಒಳ್ಳೆಯದು, ಇನ್ನೂ ಹೆಚ್ಚಾದರೆ ಮತ್ತೂ ಒಳ್ಳೆಯದು ಎಂಬುದು ಬೀಜ ಸಂರಕ್ಷಕರ ಸಲಹೆ. ಮೂವತ್ತು ನಲವತ್ತರ ನಿವೇಶನದ ಮಹಡಿಯಲ್ಲಿ, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಸೋಲಾರ್ ಹೀಟರ್‌ಗಳ ನಡುವೆ ಇಪ್ಪತ್ತು ಬ್ರೊಕೊಲಿ ಗಿಡಗಳನ್ನು ಏಪ್ರಿಲ್ ತನಕ ಇಟ್ಟುಕೊಳ್ಳುವುದು ಯಾರಿಗೆ ಸಾಧ್ಯ?

ಒಂದು ಮನೆಗೆ ಸಾಧ್ಯವಿಲ್ಲ. ಐದು ಮನೆಗಳಿಗೆ ಸಾಧ್ಯ. ಬ್ರೊಕೊಲಿ ನನಗೆ ಕಲಿಸಿದ ಪಾಠ ಇದು. ಮರು ವರ್ಷ ನಮ್ಮ ಬೀದಿಯ ಐದು ಮನೆಗಳವರು ಒಂದೇ ಪೊಟ್ಟಣದ ಬೀಜವನ್ನು ಹಂಚಿಕೊಂಡು, ಪ್ರತಿ ಮನೆಯಲ್ಲಿ ನಾಲ್ಕೈದು ಗಿಡ ಬೆಳೆದೆವು. ಉತ್ತರೆ, ಹಸ್ತಾ ಮಳೆಗಳ ನಡುವೆ ಸಸಿ ಮಡಿ. ಸ್ವಾತಿ ಮಳೆಯ ಹೊತ್ತಿಗೆ ದೊಡ್ಡ ಚೀಲಗಳಿಗೆ ನಾಟಿ. ಎಲೆಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತಿ ವಜ್ರಬೆನ್ನಿನ ಪತಂಗವನ್ನು ಅತ್ತ ಸೆಳೆಯುವ ಉಪಾಯವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಬಹು ಹಿಂದೆಯೇ ಹೇಳಿಕೊಟ್ಟಿದೆ. ನಾವೂ ಒಂದೆರಡು ಕುಂಡಗಳಲ್ಲಿ ಸಾಸಿವೆ ಇಟ್ಟೆವು. ಸಾಸಿವೆ ಬೇರೆ ಪ್ರಭೇದವಾದ್ದರಿಂದ ಅದರೊಂದಿಗೆ ಬ್ರೊಕೊಲಿ ಬೆರಕೆಯಾಗುವ ಭಯವಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸುಗಳೊಂದಿಗಾದರೆ ಬೆರಕೆಯಾಗುತ್ತದೆ. ಇಲ್ಲಿ ನಗರವಾಸಿಗೆ ಒಂದು ಅನಿರೀಕ್ಷಿತ ಅನುಕೂಲವಿದೆ. ಊರಿನಲ್ಲಿ ಯಾರೂ ಕೋಸನ್ನು ಹೂ ಬಿಡಲು ಬಿಡುವುದಿಲ್ಲ. ಎಲ್ಲರೂ ಅದಕ್ಕೆ ಮೊದಲೇ ತಿಂದು ಮುಗಿಸುತ್ತಾರೆ. ಹಾಗಾಗಿ ಕಾಂಕ್ರೀಟಿನ ಬೀದಿಯೇ ಬೀಜಕ್ಕೆ ಬೇಕಾದ ಏಕಾಂತವನ್ನು ಒದಗಿಸುತ್ತದೆ.

ಬೀಜಕ್ಕೆ ಯಾವ ಗಿಡವನ್ನು ಬಿಡಬೇಕೆಂಬುದು ನಿಜವಾದ ಪರೀಕ್ಷೆ. ಚೆನ್ನಾಗಿರುವುದನ್ನು ಕೊಯ್ದು ತಿಂದು, ಸೊರಗಿದ್ದನ್ನೋ ಅವಸರವಾಗಿ ಹೂ ಬಿಟ್ಟದ್ದನ್ನೋ ಬೀಜಕ್ಕೆ ಬಿಡುವುದು ಮನುಷ್ಯಸಹಜ. ಹಾಗೆ ಮಾಡಿದರೆ ಕೆಲವೇ ವರ್ಷಗಳಲ್ಲಿ ತಲೆ ಕಟ್ಟದೆ ಹೂ ಬಿಡುವ ಬ್ರೊಕೊಲಿ ನಮ್ಮದಾಗುತ್ತದೆ. ಅಜ್ಜಿ ದಾರ ಕಟ್ಟುತ್ತಿದ್ದುದು ಅತ್ಯುತ್ತಮವಾದ ಕಾಯಿಗೆ ಎಂಬುದನ್ನು ಮರೆಯಬಾರದು. ಅದೃಷ್ಟಕ್ಕೆ ಹಳೆಯ ತಳಿಯಲ್ಲಿ ತಿನ್ನುವುದಕ್ಕೂ ಉಳಿಸುವುದಕ್ಕೂ ಜಗಳವಿಲ್ಲ. ನಡುತಲೆಯನ್ನು ನೋಡಿ, ತೂಗಿ, ಮೆಚ್ಚಿ, ಕೊಯ್ದು ಅಡುಗೆಗೆ ಕೊಡಬಹುದು. ಮೆಚ್ಚಿದ ಗಿಡದ ಕವಲುಗಳನ್ನು ಹೂವಿಗೆ ಬಿಡಬಹುದು. ಕೋಡು ಹಸಿರು ಕಳೆದು ಕಂದಿದ ಮೇಲೆ, ಭರಣಿ ಮಳೆಗೆ ಮೊದಲು, ಕೊಂಬೆಸಮೇತ ಕತ್ತರಿಸಿ ನೆರಳಿನಲ್ಲಿ ಒಣಗಿಸಿ ಬಡಿದರೆ ಸಾಸಿವೆಯಂಥ ಕಂದು ಬೀಜ ಉದುರುತ್ತದೆ. ಒಂದು ಗ್ರಾಂನಲ್ಲಿ ಸುಮಾರು ಮುನ್ನೂರು ಬೀಜ. ತೇವ ತಾಗದಂತೆ ಇಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ. ನಾವು ಐದು ಮನೆಗಳ ಬೀಜವನ್ನು ಒಟ್ಟಿಗೆ ಬೆರೆಸಿ ಮತ್ತೆ ಐದು ಪಾಲು ಮಾಡಿಕೊಂಡೆವು. ಒಟ್ಟು ಸಿಕ್ಕದ್ದು ಸಣ್ಣ ಡಬ್ಬಿಯೊಂದರ ತಳ ಮುಚ್ಚುವಷ್ಟು. ಬಿಸಿಲಿನ ಬೇಗೆಗೆ ಹಲವು ಕೋಡುಗಳು ಬರಿದಾಗಿದ್ದವು. ಆದರೂ ಮುಂದಿನ ಸೆಪ್ಟೆಂಬರ್‌ಗೆ ಬೇಕಾದುದಕ್ಕಿಂತ ಅದು ಎಷ್ಟೋ ಪಾಲು ಹೆಚ್ಚಾಗಿತ್ತು.

ಇಟಲಿಯ ತರಕಾರಿಗೆ ಇಷ್ಟೊಂದು ಪಾಡು ಏಕೆ, ನಮ್ಮದೇ ಅವರೆ, ಗುಳ್ಳ ಬದನೆಗಳು ಇಲ್ಲವೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಟಿ ಅವರೆಯನ್ನು ಬಿಟ್ಟು ಬ್ರೊಕೊಲಿ ಬೆಳೆಯಿರಿ ಎಂದು ನಾನು ಹೇಳುತ್ತಿಲ್ಲ. ಮೊದಲ ಬಾರಿಗೆ ಬೀಜ ಹಿಡಿಯುವವರು ಅವರೆಯಿಂದಲೇ ಆರಂಭಿಸುವುದು ಮೇಲು. ಅದು ಸುಲಭ, ಸೋಲು ಕಡಿಮೆ. ಉಡುಪಿಯ ಮಟ್ಟು ಗ್ರಾಮದವರು ತಮ್ಮ ಗುಳ್ಳವನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದರು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದರೆ ‘ನಮ್ಮದು’, ‘ಪರರದು’ ಎಂಬ ಗೆರೆ ತರಕಾರಿಯ ಚರಿತ್ರೆಯಲ್ಲಿ ಬಹಳ ಕಾಲ ನಿಲ್ಲುವುದಿಲ್ಲ ಎಂಬುದನ್ನೂ ನೆನೆಯಬೇಕು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಯಾವುವೂ ಇಲ್ಲಿ ಹುಟ್ಟಿದವಲ್ಲ. ಮೆಕ್ಸಿಕೊ ಸೀಮೆಯಿಂದ ಹೊರಟ ಸೀಮೆಬದನೆ ಬೆಂಗಳೂರಿನಲ್ಲಿ ಎಷ್ಟು ಬೇರೂರಿತೆಂದರೆ ತಮಿಳರೂ ತೆಲುಗರೂ ಅದನ್ನು ‘ಬೆಂಗಳೂರು ಬದನೆ’ ಎಂದೇ ಕರೆಯುತ್ತಾರೆ. ಅದರ ಬೀಜ ಪೊಟ್ಟಣದಲ್ಲಿ ಬರುವಂಥದಲ್ಲ. ಕಾಯಿಯನ್ನೇ ಇಡಿಯಾಗಿ ನೆಡಬೇಕು. ಮೊಳಕೆ ಒಡೆದ ಒಂದು ಕಾಯಿಯನ್ನು ನೆರೆಮನೆಗೆ ಕೊಟ್ಟರೆ ಸಾಕಿತ್ತು. ಹಿತ್ತಿಲಿನಿಂದ ಹಿತ್ತಿಲಿಗೆ ಅದು ಹಬ್ಬಬಲ್ಲದು.

ಇದಕ್ಕಿಂತ ಒಳ್ಳೆಯ ನಿದರ್ಶನ ಬ್ರೊಕೊಲಿಯ ಒಡಹುಟ್ಟಾದ ಹೂಕೋಸಿನದು. 1822ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಸಹಾರನ್‌ಪುರದ ಕಂಪನಿ ಬಾಗ್‌ಗೆ ಅದರ ಬೀಜ ಬಂತು. ಅದು ಚಳಿ ದೇಶದ ಗಿಡ. ಗಂಗಾ ಬಯಲಿನ ಸೆಕೆ, ಮಳೆಗಳಿಗೆ ಹೊಂದಿದ್ದಲ್ಲ. ಬಹುಪಾಲು ಗಿಡಗಳು ಸೋತಿರಬೇಕು. ಆದರೆ ಸೆಕೆಯನ್ನು ತಾಳಿ ಬೇಗ ಹೂ ಕಟ್ಟಿದ ಗಿಡಗಳನ್ನು ಅಲ್ಲಿನ ಬೆಳೆಗಾರರು ಗುರುತಿಸಿ ಬೀಜಕ್ಕೆ ಬಿಟ್ಟರು. ಮರು ವರ್ಷ ಮತ್ತೆ ಆರಿಸಿದರು. ನೂರು ವರ್ಷ ಈ ಕೆಲಸ ಸದ್ದಿಲ್ಲದೆ ನಡೆಯಿತು. 1929ರಲ್ಲಿ ಸಟನ್ ಅಂಡ್ ಸನ್ಸ್ ಬೀಜ ಕಂಪನಿ ‘ಅರ್ಲಿ ಪಟ್ನಾ’, ‘ಅರ್ಲಿ ಬನಾರಸ್’ ಮೊದಲಾದ ದೇಶೀ ತಳಿಗಳನ್ನು ಪಟ್ಟಿ ಮಾಡುವ ಹೊತ್ತಿಗೆ ಹೂಕೋಸು ಭಾರತದ್ದಾಗಿತ್ತು. ಬಯಲಿನ ಸೆಕೆಯಲ್ಲಿ ಹೂ ಕಟ್ಟುವ, ಬಯಲಿನಲ್ಲೇ ಬೀಜ ಕೊಡುವ ಈ ಬಗೆಯನ್ನು ವಿಜ್ಞಾನಿಗಳು ‘ಭಾರತೀಯ ಹೂಕೋಸು’ ಎಂಬ ಪ್ರತ್ಯೇಕ ಗುಂಪಾಗಿಯೇ ಗುರುತಿಸುತ್ತಾರೆ. ಯುರೋಪಿನ ತಡವಾದ ತಳಿಗಳ ಬೀಜಕ್ಕೆ ಇಂದಿಗೂ ಕುಲು ಕಣಿವೆಯಂಥ ಚಳಿ ಪ್ರದೇಶ ಬೇಕು. ಬೀಜ ತಂದ ಅಧಿಕಾರಿಯ ಹೆಸರು ಪುಸ್ತಕಗಳಲ್ಲಿದೆ. ಅದನ್ನು ನಮ್ಮದಾಗಿಸಿದ ಬೆಳೆಗಾರರ ಹೆಸರು ಎಲ್ಲಿಯೂ ಇಲ್ಲ.

ಅವರೇನಾದರೂ ನಮ್ಮಂತೆ ಪ್ರತಿ ವರ್ಷ ಲಂಡನ್ನಿನಿಂದ ಹೊಸ ಪೊಟ್ಟಣ ತರಿಸಿಕೊಳ್ಳುತ್ತ ಕುಳಿತಿದ್ದರೆ? ಹೂಕೋಸು ಇಂದಿಗೂ ಸಾಹೇಬರ ತರಕಾರಿಯಾಗಿಯೇ ಉಳಿಯುತ್ತಿತ್ತು. ಪ್ರತಿ ವರ್ಷ ಕೊಂಡು ತಂದ ಬೀಜಕ್ಕೆ ಬೆಂಗಳೂರಿನ ನೆನಪಿರುವುದಿಲ್ಲ. ಈ ಊರಿನ ಮಾರ್ಚ್ ಬಿಸಿಲು, ಈ ಊರಿನ ಹೇನು, ಕಾಂಕ್ರೀಟು ಮಹಡಿಯ ಕಾವು ಇವುಗಳನ್ನು ಅದು ಪ್ರತಿ ಸಲವೂ ಹೊಸದಾಗಿ ಎದುರಿಸುತ್ತದೆ. ಉಳಿದುಕೊಂಡ ಗಿಡದಿಂದ ಹಿಡಿದ ಬೀಜವಾದರೋ ಆ ಕಾವನ್ನು ತಾಳಿದ ಗಿಡದ ಸಂತಾನ. ಹವಾಮಾನ ವರ್ಷದಿಂದ ವರ್ಷಕ್ಕೆ ಹದ ತಪ್ಪುತ್ತಿರುವ ಈ ಕಾಲದಲ್ಲಿ ಇದು ಭಾವುಕತೆಯ ಮಾತಲ್ಲ. ಬದಲಾಗುವ ಕಾಲಕ್ಕೆ ತಕ್ಕಂತೆ ತಾನೂ ಬದಲಾಗಬಲ್ಲ ತಳಿ ಶೈತ್ಯಾಗಾರದ ಕಪಾಟಿನಲ್ಲಿ ಹುಟ್ಟಲಾರದು. 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ಮಹತ್ವದ ಕೆಲಸ ಮಾಡುತ್ತಿದೆ, ಸಂದೇಹವಿಲ್ಲ. ಆದರೆ ಅಲ್ಲಿಟ್ಟ ಬೀಜ ಇಟ್ಟಂತೆಯೇ ಇರುತ್ತದೆ. ಬೀಜ ಕಲಿಯುವುದು ಬಿತ್ತಿದಾಗ ಮಾತ್ರ.

ಬೆರಳೆಣಿಕೆಯ ಮಹಡಿಗಳಿಂದ ಏನಾದೀತು ಎಂಬ ಆಕ್ಷೇಪ ಇನ್ನೊಂದು. ನಮ್ಮ ಐದು ಮನೆಗಳ ಡಬ್ಬಿಯಿಂದ ಊರಿನ ತರಕಾರಿಯ ಲೆಕ್ಕ ಬದಲಾಗದು, ಒಪ್ಪಿದೆ. ಬೆಂಗಳೂರಿಗೆ ಕೋಸು, ಟೊಮೆಟೊ ಒದಗಿಸುವವರು ಕೋಲಾರ, ಚಿಕ್ಕಬಳ್ಳಾಪುರ, ಮಾಲೂರು, ಹೊಸಕೋಟೆಯ ರೈತರು. ಅವರು ಬೀಜಕ್ಕೆ ಹಣ ತೆರುವುದು ಅನಿವಾರ್ಯ. ಒಂದು ಬೆಳೆ ಕೈಕೊಟ್ಟರೆ ಸಾಲ ಮೈಮೇಲೆ ಬರುತ್ತದೆ. ತಪ್ಪಿ ನೋಡುವ, ಸೋತು ಕಲಿಯುವ ಅವಕಾಶ ಅವರಿಗಿಲ್ಲ. ನಮಗಿದೆ. ನಮ್ಮ ಬ್ರೊಕೊಲಿ ಕೆಟ್ಟರೆ ಸಂಜೆ ಅಂಗಡಿಯಿಂದ ಅರ್ಧ ಕಿಲೊ ತಂದರಾಯಿತು. ಸೋಲಿನ ಭಯವಿಲ್ಲದ ಕಡೆ ಪ್ರಯೋಗ ನಡೆಯಬೇಕು. ನಗರದ ಮಧ್ಯಮ ವರ್ಗಕ್ಕೆ ಬಿಡುವು, ಓದು, ತುಸು ಹಣ ಎಲ್ಲವೂ ಇವೆ. ಅವುಗಳ ಋಣ ತೀರಿಸಲು ಇದೊಂದು ಸಣ್ಣ ದಾರಿ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಫಲಪುಷ್ಪ ಪ್ರದರ್ಶನಗಳು ನಡೆಯುತ್ತವೆ. ಆಗಸ್ಟ್ ತಿಂಗಳ ಪ್ರದರ್ಶನ ಬಿತ್ತನೆಗೆ ಸರಿಯಾಗಿ ತಿಂಗಳ ಮುಂಚೆ ಬರುತ್ತದೆ. ಅಲ್ಲಿ ಒಂದು ಮೂಲೆಯಲ್ಲಿ, ಮನೆಯವರು ತಾವು ಹಿಡಿದ ಬೀಜವನ್ನು ತಂದು ಬೇರೊಬ್ಬರ ಬೀಜದೊಂದಿಗೆ ಬದಲಿಸಿಕೊಳ್ಳುವ ಮೇಜನ್ನು ತೋಟಗಾರಿಕೆ ಇಲಾಖೆ ಇಡಬಾರದೇಕೆ? ತಳಿಯ ಹೆಸರು, ಎಷ್ಟು ಗಿಡಗಳಿಂದ ಹಿಡಿದದ್ದು, ಯಾವ ಬಡಾವಣೆ, ಯಾವ ವರ್ಷ ಎಂದು ಬರೆದ ಚೀಟಿ ಇದ್ದರೆ ಸಾಕು. ಅಪಾರ್ಟ್‌ಮೆಂಟ್ ಸಂಘಗಳು ಕಸ ವಿಂಗಡಣೆಯನ್ನು ಕಲಿತಿವೆ, ಗೊಬ್ಬರ ಮಾಡುವುದನ್ನು ಕಲಿತಿವೆ. ಇಪ್ಪತ್ತು ಗಿಡಗಳನ್ನು ಏಪ್ರಿಲ್ ತನಕ ಕಾಯುವುದನ್ನು ಅವು ಒಂಟಿ ಮನೆಗಿಂತ ಸುಲಭವಾಗಿ ಮಾಡಬಲ್ಲವು. ಶಾಲೆಯ ಅಂಗಳದಲ್ಲಿ ಗಿಡ ನೆಡಿಸುವ ಅಧ್ಯಾಪಕರು ಒಂದು ಸಾಲನ್ನು ಬೀಜಕ್ಕೆ ಬಿಡಿಸಲಿ. ಬೀಜ ಮಾರುವವರೂ ಪೊಟ್ಟಣದ ಮೇಲೆ ಬರಿಯ ‘ಏರ್‌ಲೂಮ್’ ಎಂದು ಅಚ್ಚು ಹಾಕಿದರೆ ಸಾಲದು. ಬೀಜ ಹಿಡಿಯುವುದು ಹೇಗೆ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆಯಲಿ. ಹಾಗೆ ಬರೆದರೆ ಗಿರಾಕಿ ಕೈತಪ್ಪಬಹುದು ಎಂಬ ಅಳುಕು ಅವರಿಗಿದ್ದರೆ, ಆ ಪದವನ್ನು ಬಳಸುವ ಅಧಿಕಾರ ಅವರಿಗೆ ಎಷ್ಟರ ಮಟ್ಟಿಗೆ ಇದೆ ಎಂದು ನಾವು ಕೇಳಬೇಕಾಗುತ್ತದೆ.

ನಮ್ಮ ಬೀದಿಯ ಬೀಜಕ್ಕೆ ಈಗ ಎರಡು ಪೀಳಿಗೆ ಸಂದಿವೆ. ಅದನ್ನು ಬೆಂಗಳೂರಿನ ತಳಿ ಎನ್ನುವ ಧೈರ್ಯ ನನಗಿಲ್ಲ. ಹೂಕೋಸಿಗೆ ನೂರು ವರ್ಷ ಹಿಡಿಯಿತು. ಕಳೆದ ಬೇಸಿಗೆಯಲ್ಲಿ ಐದು ಮನೆಗಳಲ್ಲಿ ಒಂದು ಮನೆಯವರು ಊರು ಬಿಟ್ಟರು. ಹೋಗುವಾಗ ಪಾತ್ರೆ ಪಡಗಗಳ ಜೊತೆಗೆ ತಮ್ಮ ಪಾಲಿನ ಬೀಜದ ಚೀಟಿಯನ್ನೂ ಒಯ್ದರು. ಅವರ ಜಾಗಕ್ಕೆ ಎದುರು ಸಾಲಿನ ಮನೆಯೊಂದು ಬಂದು ಸೇರಿದೆ. ನಾಟಿ ಮುಗಿದ ಒಂದು ಬೆಳಗ್ಗೆ ಆ ಮನೆಯ ಎಂಟು ವರ್ಷದ ಹುಡುಗಿ ನನ್ನ ಮಹಡಿಗೆ ಬಂದು, ಕೆಂಪು ದಾರ ಕಟ್ಟಿದ ಗಿಡವನ್ನು ತೋರಿಸಿ, “ತಾತ, ಇದನ್ನು ಯಾಕೆ ಕಟ್ಟಿಹಾಕಿದ್ದೀರಿ?” ಎಂದು ಕೇಳಿದಳು. ಬೀಜಕ್ಕೆ ಬಿಟ್ಟಿದ್ದೇವೆ ಎಂದೆ. ಆ ಮಾತನ್ನು ಅವಳು ಈ ಮೊದಲು ಕೇಳಿರಲಿಲ್ಲ.